ಸೋಂಬೇರಿ ಎದ್ದ ದಿನ

ಹಾಸಿಗೆಯ ಹೊದಿಕೆ ಹಿಂಡುವುದು ಒಬ್ಬರ ಕೆಲಸವಲ್ಲ. ಇಬ್ಬರು ಎರಡು ತುದಿ ಹಿಡಿದು, ಒಬ್ಬರು ಈ ಕಡೆಗೆ ಇನ್ನೊಬ್ಬರು ಆ ಕಡೆಗೆ ತಿರುಚಬೇಕು. ನಮ್ಮ ಮನೆಯಲ್ಲಿ ಆ ಇನ್ನೊಂದು ತುದಿ ಮೊದಲಿನಿಂದಲೂ ನನ್ನ ಗಂಡನದು. ಅವರಿಗೆ ಪಾರ್ಶ್ವವಾಯು ಹೊಡೆದು ಎಡಗೈ ಬಿದ್ದುಹೋದ ಮೇಲೆ, ಎಂಟು ತಿಂಗಳಿನಿಂದ ಆ ತುದಿಯನ್ನು ಹಿತ್ತಲಿನ ನಲ್ಲಿಗೆ ಸುತ್ತಿ ನಾನೊಬ್ಬಳೇ ಹಿಂಡುತ್ತಿದ್ದೆ. ನಲ್ಲಿ ಗಂಡನ ಹಾಗೆ "ಸಾಕು ಬಿಡೇ, ಬಟ್ಟೆ ಹರಿದ್ಹೋಗತ್ತೆ" ಎನ್ನುವುದಿಲ್ಲ. ಅದೊಂದು ಅನುಕೂಲ.

ಆವತ್ತು ಬೆಳಿಗ್ಗೆ ಹೊದಿಕೆ ಅರ್ಧ ಹಿಂಡಿದ್ದೆ. ಒಳಗೆ ರೇಡಿಯೋದಲ್ಲಿ ಯಾವುದೋ ಹಾಡು ಶುರುವಾಗಿತ್ತು. ಮಗಳು ಕಿರುಚಿದಳು.

"ಅಮ್ಮಾ! ಬೇಗ ಬಾ! ಸೋಂಬೇರಿ ಎದ್ದ!"

ಸೋಂಬೇರಿ ಎಂದರೆ ಅವರಪ್ಪನ ಎಡಗೈ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ವ್ಯಾಯಾಮ ಮಾಡಿಸಲು ಒಬ್ಬ ಹೆಂಗಸು ವಾರಕ್ಕೆ ಎರಡು ಸಲ ಬರುತ್ತಿದ್ದರು. ನಾವು ಅವರನ್ನು ಕಸರತ್ತು ಮೇಡಂ ಎಂದೇ ಕರೆಯುತ್ತೇವೆ. ಮೊದಲನೆಯ ದಿನವೇ ಅವರು, "ಈ ಕೈ ಸತ್ತಿಲ್ಲ ಸಾರ್, ಮಲಗಿದೆ ಅಷ್ಟೇ. ದಿನಾ ಮುಟ್ಟಿ, ಉಜ್ಜಿ, ಮಾತಾಡ್ಸಿ, ಎಬ್ಬಿಸ್ತಾ ಇರಿ. ಮಿದುಳಿಗೆ ಅದರ ನೆನಪು ಹೋಗಬಾರದು" ಎಂದರು. ನನ್ನ ಗಂಡ ತಲೆಯಾಡಿಸಿದರು. ನಾನು ಎಣ್ಣೆ ಎಲ್ಲಿದೆ ಎಂದು ಯೋಚಿಸಿದೆ. ಎಬ್ಬಿಸಿ ಎಂಬ ಮಾತನ್ನು ಮಾತ್ರ ಒಂಬತ್ತು ವರ್ಷದ ನನ್ನ ಮಗಳು ಗಟ್ಟಿಯಾಗಿ ಹಿಡಿದುಕೊಂಡಳು.

ಅವಳಿಗೆ ಮನೆಯಲ್ಲಿ ಬಾಲ ಎಂದು ಹೆಸರು. ನಡೆಯಲು ಕಲಿತ ದಿನದಿಂದ ಅಪ್ಪನ ಹಿಂದೆಯೇ. ಅವರು ಅಂಗಡಿಗೆ ಹೋದರೆ ಅಂಗಡಿಗೆ, ಬಚ್ಚಲಿಗೆ ಹೋದರೆ ಬಚ್ಚಲ ಬಾಗಿಲಿಗೆ. ಬೆಳಿಗ್ಗೆ ಹಲ್ಲುಜ್ಜಿದ ನೊರೆ ಇನ್ನೂ ತುಟಿಯ ಮೇಲಿರುವಾಗಲೇ ಮಂಚದ ಎಡಗಡೆ ಹೋಗಿ ಕೂರುವಳು. ಆ ಅಂಗೈಯ ಮೇಲೆ ಬಾಗಿಲು ಬಡಿಯುವ ಹಾಗೆ ಮೂರು ಸಲ ಬಡಿಯುವಳು.

"ಏಯ್ ಸೋಂಬೇರಿ, ಬೆಳಗಾಯ್ತು, ಏಳೋ. ನಿನ್ನ ಜೊತೆಗಾರ ಬಲಗೈ ಆಗ್ಲೇ ಹಲ್ಲುಜ್ಜಿ ಮುಖ ತೊಳ್ದ."

ಅಪ್ಪ ಗಂಟಲು ದಪ್ಪ ಮಾಡಿಕೊಂಡು ಕೈಯ ಪರವಾಗಿ ಉತ್ತರ ಕೊಡುವರು. "ಇನ್ನೈದು ನಿಮಿಷ."

"ನಿನ್ನೇನೂ ಹಾಗೇ ಹೇಳ್ದೆ!"

"ನಿನ್ನೆ ಐದು ನಿಮಿಷ ನಿನ್ನೆಗಾಯ್ತು. ಇವತ್ತಿಂದು ಬೇರೆ."

ಒಂದೊಂದೇ ಬೆರಳು ಎಳೆದು, ತಿರುಗಿಸಿ, ಚಿವುಟಿ, ಕಚಗುಳಿಯಿಟ್ಟು, ಬೈದು, ಕೊನೆಗೆ "ಥೂ, ನಾಳೆ ನೋಡ್ಕೋತೀನಿ ನಿನ್ನ" ಎಂದು ಎದ್ದು ಶಾಲೆಗೆ ಹೊರಡುವಳು. ಎಂಟು ತಿಂಗಳಲ್ಲಿ ಇದು ಒಂದು ದಿನವೂ ತಪ್ಪಿರಲಿಲ್ಲ. ಕಾಲು ಸುಧಾರಿಸಿತು, ಮಾತಿನ ತೊದಲು ಹೋಯಿತು. ಕೈ ಮಾತ್ರ ಒಂದು ಕೂದಲೆಳೆಯಷ್ಟೂ ಅಲುಗಿರಲಿಲ್ಲ.

ಹಾಗಾಗಿ ಸೋಂಬೇರಿ ಎದ್ದ ಎಂದು ಅವಳು ಕೂಗಿದಾಗ ನಾನು ಹೊದಿಕೆಯನ್ನು ನಲ್ಲಿಯಲ್ಲೇ ಬಿಟ್ಟು ಓಡಿದೆ.

ನಿಜವಾಗಿಯೂ ಎದ್ದಿತ್ತು. ಚಾಪೆಯ ಹಾಗೆ ಬಿದ್ದಿರುತ್ತಿದ್ದ ಆ ಕೈಯ ಹೆಬ್ಬೆರಳು, ತೋರುಬೆರಳು ಎರಡೂ ಎಗರುತ್ತಿದ್ದವು. ಬಾಲ ಮಂಚದ ಮೇಲೆ ಮೊಣಕಾಲೂರಿ ಚಪ್ಪಾಳೆ ತಟ್ಟುತ್ತಿದ್ದಳು. ನನ್ನ ಗಂಡ ದಿಂಬಿನಿಂದ ತಲೆಯೆತ್ತಿ ತಮ್ಮ ಕೈಯನ್ನೇ ನೋಡುತ್ತಾ, "ನೋಡೇ, ನೋಡೇ ಇವಳೇ" ಎಂದರು. ನಾನು ಒದ್ದೆ ಕೈಯಲ್ಲೇ ಅವರ ಭುಜ ಹಿಡಿದು, "ಅಯ್ಯೋ ನಮ್ಮಪ್ಪಾ, ಕೊನೆಗೂ ಎದ್ಯಾ!" ಎಂದು ಜೋರಾಗಿ ನಕ್ಕೆ. ಆ ನಗು ಈಗಲೂ ನನ್ನ ಕಿವಿಯಲ್ಲಿದೆ.

ಹಾಡಿನ ಒಂದು ಚರಣದಷ್ಟು ಹೊತ್ತು ನಾವು ಮೂವರೂ ಸಂತೋಷವಾಗಿದ್ದೆವು.

ಆಮೇಲೆ ಮಣಿಕಟ್ಟು ಎಗರತೊಡಗಿತು. ಮೊಣಕೈ, ಭುಜ. ಅವರ ನಗು ಎಡಕ್ಕೆ ವಾಲಿತು. ನಗು ದೊಡ್ಡದಾಗುತ್ತಿದೆ ಎಂದುಕೊಂಡೆ. ಕಣ್ಣು ನೋಡಿದರೆ ಎರಡೂ ಗೋಡೆಯ ಕಡೆಗೆ ತಿರುಗಿ ನಿಂತಿದ್ದವು. "ರೀ" ಎಂದೆ. "ರೀ, ಇಲ್ನೋಡಿ." ಮೈಯೆಲ್ಲಾ ಮರದ ಹಾಗೆ ಸೆಟೆದು, ಮಂಚ ಸಮೇತ ಅಲುಗಾಡತೊಡಗಿತು. ಬಾಲ ಚಪ್ಪಾಳೆಗೆಂದು ಎತ್ತಿದ್ದ ಕೈ ಹಾಗೇ ಗಾಳಿಯಲ್ಲಿ ನಿಂತುಬಿಟ್ಟಿತ್ತು.

ನಾನು ಕಿರುಚಿದ್ದು ಎದುರುಮನೆಗೆ ಕೇಳಿಸಿತು. ಅಲ್ಲಿರುವವರು ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಮಗಳಿಗೆ ಡ್ರೈವರ್ ಮಾಮ, ನನಗೆ ಡ್ರೈವರ್ ಅಣ್ಣ. ತಿಂಡಿ ತಿನ್ನುತ್ತಿದ್ದವರು ಕೈಯಲ್ಲಿದ್ದ ಚಮಚದ ಸಮೇತ ಓಡಿ ಬಂದರು. "ಫಿಟ್ಸು, ಫಿಟ್ಸು! ಬಾಯಿಗೆ ಇದನ್ನಿಡು ತಂಗಿ, ನಾಲಿಗೆ ಕಚ್ಕೋತಾನೆ!" ಎಂದು ಚಮಚ ತುರುಕಲು ನೋಡಿದರು. ಹಲ್ಲು ಕಚ್ಚಿಕೊಂಡಿದ್ದರಿಂದ ಅದು ಒಳಗೆ ಹೋಗಲಿಲ್ಲ. ನಾನು ಗಂಡನನ್ನು ಮಗ್ಗುಲಿಗೆ ಹೊರಳಿಸಿದೆ. ಅದು ಸರಿ ಎಂದು ತಿಳಿದು ಮಾಡಿದ್ದಲ್ಲ. ಜೊಲ್ಲು ಗಂಟಲಿಗೆ ಇಳಿಯುತ್ತದಲ್ಲಾ ಎಂದು, ಮಗುವನ್ನು ಹೊರಳಿಸಿದ ಹಾಗೆ ಹೊರಳಿಸಿದೆ. ಅಲುಗಾಟ ತಾನಾಗಿ ನಿಂತಿತು. ಉಸಿರು ಗೊರಕೆಯ ಹಾಗೆ ಬಂತು. ಕೂಗಿದರೆ ಓಗೊಡಲಿಲ್ಲ.

ಡ್ರೈವರ್ ಅಣ್ಣ ಯಾರದೋ ಕಾರು ತಂದರು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅವರು ಒಂದು ಸಲವೂ ಹಾರ್ನ್ ಹೊಡೆಯದೆ ಓಡಿಸಿದ್ದು ನನಗೆ ನೆನಪಿದೆ.

ಮಿದುಳಿನ ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಸ್ಕ್ಯಾನ್ ಮಾಡಿಸಿ ಬಂದು ನಮ್ಮನ್ನು ಕೂರಿಸಿದರು. "ಎಷ್ಟು ನಿಮಿಷ ಇತ್ತು?"

ನನಗೆ ಗೊತ್ತಿರಲಿಲ್ಲ. "ಒಂದು ಗಂಟೆ" ಎಂದುಬಿಟ್ಟೆ.

"ಹಾಡು ಶುರುವಾದಾಗ ಶುರುವಾಯ್ತು" ಎಂದಳು ಬಾಲ. "ಹಾಡು ಮುಗಿಯೋಕೆ ಮುಂಚೆ ನಿಂತ್ಹೋಯ್ತು."

"ಹಾಗಾದ್ರೆ ಮೂರು ನಿಮಿಷದೊಳಗೆ." ಡಾಕ್ಟರು ಬರೆದುಕೊಂಡರು. "ಎಲ್ಲಿಂದ ಶುರುವಾಯ್ತು?"

"ಹೆಬ್ಬೆರಳಿಂದ."

"ತುಂಬಾ ಚೆನ್ನಾಗಿ ನೋಡಿದ್ದೀಯ ಪುಟ್ಟಾ. ಇದು ನಮಗೆ ಬಹಳ ಮುಖ್ಯ." ಆಮೇಲೆ ನನ್ನ ಕಡೆ ತಿರುಗಿದರು. "ಹೊಸ ಸ್ಟ್ರೋಕ್ ಅಲ್ಲ, ಅದೊಂದು ಸಮಾಧಾನ. ಗಾಯ ಮಾಗಿದ ಮೇಲೆ ಚರ್ಮದ ಮೇಲೆ ಕಲೆ ಉಳಿಯಲ್ವಾ, ಮಿದುಳಲ್ಲೂ ಹಾಗೇ ಉಳಿಯತ್ತೆ. ಆ ಕಲೆ ಸುತ್ತಮುತ್ತ ಕೆಲವು ಸಲ ಸುಮ್ಸುಮ್ನೆ ಕರೆಂಟು ಹೊಡೆಯತ್ತೆ. ಆ ಜಾಗ ಎಡಗೈದು, ಅದಕ್ಕೆ ಕೈ ಅಲ್ಲಾಡಿದ್ದು. ಆಮೇಲೆ ಇಡೀ ಮಿದುಳಿಗೆ ಹಬ್ಬಿತು. ಸ್ಟ್ರೋಕ್ ಆದ ಕೆಲವರಿಗೆ ತಿಂಗಳುಗಟ್ಟಲೆ ಆದ್ಮೇಲೆ ಹೀಗೆ ಫಿಟ್ಸ್ ಬರೋದುಂಟು. ಬೆಳಿಗ್ಗೆ ಒಂದು, ಸಂಜೆ ಒಂದು ಮಾತ್ರೆ. ಒಂದೂ ತಪ್ಪಿಸಬಾರದು."

ಮತ್ತೆ ಬಂದರೆ ಏನು ಮಾಡಬೇಕೆಂದೂ ಹೇಳಿದರು. ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ ತಡಮಾಡದೆ ಕರೆತನ್ನಿ. ಗಟ್ಟಿಯಾಗಿ ಹಿಡಿಯಬೇಡಿ. ಬಾಯಿಗೆ ಏನೂ ಇಡಬೇಡಿ.

ಬಾಗಿಲ ಬಳಿ ನಿಂತಿದ್ದ ಡ್ರೈವರ್ ಅಣ್ಣ ಕೆಮ್ಮಿದರು. "ಏನೂ ಅಂದ್ರೆ… ಚಮಚಾನೂ ಇಡಬಾರ್ದಾ ಡಾಕ್ಟ್ರೇ?"

"ಯಾರು ಇಟ್ರು ಚಮಚ?"

"ಯಾರೂ ಇಲ್ಲ. ಸುಮ್ನೆ ತಿಳ್ಕೊಳ್ಳೋಣ ಅಂತ."

ಚಮಚದ ಹಿಡಿ ಅವರ ಅಂಗಿಯ ಜೇಬಿನಿಂದ ಇಣುಕುತ್ತಿತ್ತು. ಡಾಕ್ಟರು ಅದನ್ನೇ ನೋಡಿದರು. ಬೇರೆ ದಿನವಾಗಿದ್ದರೆ ಬಾಲ ಹೊಟ್ಟೆ ಹಿಡಿದು ನಗುತ್ತಿದ್ದಳು. ಆವತ್ತು ನಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನನ್ನ ಗಂಡನಿಗೆ ಪೂರ್ತಿ ಎಚ್ಚರವಾಯಿತು. ಮೈಕೈ ನೋವು, ನಾಲಿಗೆಯ ಅಂಚಿನಲ್ಲಿ ಗಾಯ. ಮಗಳು ಮಂಚದ ಕಂಬಿ ಹಿಡಿದು ನಿಂತಿದ್ದಳು. ಅವರು ಸೂರು ನೋಡುತ್ತಾ ನಿಧಾನವಾಗಿ ಹೇಳಿದರು. "ಶುರುವಾದಾಗ ನನಗೆ ಗೊತ್ತಾಗ್ತಿತ್ತು ಕಣೇ. ನಾನೇ ಅಲ್ಲಾಡಿಸ್ತಿದೀನಿ ಅಂದ್ಕೊಂಡೆ. ಎಷ್ಟು ಖುಷಿಯಾಗಿತ್ತು ಗೊತ್ತಾ."

ಬಾಲ ಕಂಬಿಯಿಂದ ಕೈ ತೆಗೆದಳು.

ಮನೆಗೆ ಬಂದ ಮೇಲೆ ಅವಳು ಅಪ್ಪನ ಹತ್ತಿರ ಹೋಗುವುದನ್ನು ಬಿಟ್ಟಳು. ಒಂದೇ ಸಲ ಬಿಟ್ಟಿದ್ದರೆ ನನಗೆ ಕೂಡಲೇ ತಿಳಿಯುತ್ತಿತ್ತು. ಹಾಗೆ ಮಾಡಲಿಲ್ಲ. ಪತ್ರಿಕೆ ತಂದು ಕೊಡುತ್ತಿದ್ದವಳು ಕುರ್ಚಿಯ ಮೇಲೆ ಇಟ್ಟು ಹೋಗತೊಡಗಿದಳು. ಕನ್ನಡಕ ಕೇಳಿದರೆ ನನ್ನ ಕೈಗೆ ಕೊಟ್ಟು ಕಳಿಸುತ್ತಿದ್ದಳು. ಬೆಳಿಗ್ಗೆ ಮಂಚದ ಹತ್ತಿರ ಹೋಗದೆ ಹೊಸ್ತಿಲ ಈಚೆ ನಿಂತು, "ಅಪ್ಪಾ, ಹೋಗ್ಬರ್ತೀನಿ" ಎಂದು ಹೇಳಿ ಚಪ್ಪಲಿ ಹಾಕಿಕೊಳ್ಳುವಳು. ಎಡಗೈ ಹೊದಿಕೆಯ ಒಳಗಿದ್ದರೆ ಒಂದೆರಡು ಹೆಜ್ಜೆ ಮುಂದೆ ಬರುತ್ತಾಳೆ, ಹೊರಗಿದ್ದರೆ ಬರುವುದಿಲ್ಲ ಎಂದು ನಾಲ್ಕೈದು ದಿನದ ಮೇಲೆ ನನಗೆ ಗೊತ್ತಾಯಿತು. ನನ್ನ ಗಂಡನಿಗೆ ಅದು ಮೊದಲೇ ಗೊತ್ತಾಗಿತ್ತು. ಶಾಲೆ ಬಿಡುವ ಹೊತ್ತಿಗೆ ಅವರು ಆ ಕೈಯ ಮೇಲೆ ಟವೆಲ್ ಹಾಕಿಕೊಂಡು ಕೂರುತ್ತಿದ್ದರು.

ನನ್ನ ಗಂಡನದು ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ. ಬೀದಿಯ ಕಡೆಯ ಕೋಣೆಯೇ ಅಂಗಡಿ. ಶಾಲೆಗಳವರು, ಲೈಬ್ರರಿಯವರು ಹರಿದ ಪುಸ್ತಕಗಳನ್ನು ಗೋಣಿಚೀಲದಲ್ಲಿ ತಂದು ಹಾಕುತ್ತಾರೆ. ಹಾಳೆಗಳನ್ನು ಎಡಗೈಯಲ್ಲಿ ಒತ್ತಿ ಹಿಡಿದು ಬಲಗೈಯಲ್ಲಿ ದಬ್ಬಳ ತೂರಿಸಬೇಕು, ದಾರ ಎಳೆದಾಗ ಗಂಟಿನ ಮೇಲೆ ಒಂದು ಬೆರಳು ಇಡಬೇಕು. ಒಂದು ಕೈಯಿಂದ ಆಗದ ಕೆಲಸ. ಪಾರ್ಶ್ವವಾಯು ಹೊಡೆದ ಮೂರನೆಯ ತಿಂಗಳು ಬಾಲ ಅವರ ಎಡಗಡೆ ಒಂದು ಸ್ಟೂಲು ಹಾಕಿಕೊಂಡು ಕುಳಿತು ತನ್ನ ಎಡಗೈ ಕೊಟ್ಟಳು. ಅಪ್ಪನ ಬಲಗೈ, ಮಗಳ ಎಡಗೈ. ಶಾಲೆಯಿಂದ ಬಂದ ಮೇಲೆ ದಿನಕ್ಕೆ ಎರಡು ಪುಸ್ತಕ. "ಒತ್ತು." "ಒತ್ತಿದೆ." "ಬೆರಳು." "ಇಟ್ಟೆ." "ಬಿಡು." ಅಡುಗೆಮನೆಗೆ ಕೇಳುತ್ತಿದ್ದ ಅವರ ಮಾತುಕತೆ ಅಷ್ಟೇ. ಅಷ್ಟರಲ್ಲೇ ಇಬ್ಬರಿಗೂ ಏನೋ ಮಹಾ ಸುಖ.

ಈಗ ಆ ಸ್ಟೂಲು ಖಾಲಿ. ಹಾಳೆಗಳ ಮೇಲೆ ಇಸ್ತ್ರಿಪೆಟ್ಟಿಗೆ ಹೇರಿಕೊಂಡು ಅವರೊಬ್ಬರೇ ಹೊಲಿಯಲು ನೋಡಿದರು. ಪುಸ್ತಕದ ಬೆನ್ನು ಸೊಟ್ಟಗಾಯಿತು. ನಾನು ಒಲೆ ಆರಿಸಿ ಹೋಗಿ, "ನನ್ನ ಕೈ ತಗೊಳ್ಳಿ" ಎಂದು ಕುಳಿತೆ.

"ನಿನ್ನ ಕೈ ದೊಡ್ಡದು. ದಬ್ಬಳಕ್ಕೆ ಅಡ್ಡ ಬರತ್ತೆ."

"ಹದಿನೈದು ವರ್ಷದಿಂದ ಅಡ್ಡ ಬರದೇ ಇರೋ ಕೈ ಈಗ ಅಡ್ಡ ಬಂತಾ?"

"ಏಯ್, ಸುಮ್ನಿರ್ತೀಯಾ!" ಎಂದು ಗದರಿದರು. ಮಾತ್ರೆ ಶುರುಮಾಡಿದ ಮೇಲೆ ಅವರಿಗೆ ಹೀಗೆ ದಿಢೀರನೆ ಸಿಟ್ಟು ಬರುತ್ತಿತ್ತು. ಕೆಲವರಿಗೆ ಹಾಗಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಸ್ವಲ್ಪ ಹೊತ್ತು ಬಿಟ್ಟು ತಲೆ ತಗ್ಗಿಸಿಕೊಂಡು, "ಅದು ನಾನಲ್ಲ ಕಣೇ, ಮಾತ್ರೆ" ಎಂದರು.

"ಹಾಗಾದ್ರೆ ಮದುವೆ ಆದಾಗಿಂದ ಯಾವ ಮಾತ್ರೆ ತಗೋತಿದ್ರಿ?"

ಅವರು ನಕ್ಕರು. ನಗುತ್ತಲೇ ಸೊಟ್ಟ ಪುಸ್ತಕವನ್ನು ಕೈಯಲ್ಲಿ ತಿರುಗಿಸುತ್ತಾ ಇದ್ದರು. "ನನ್ನ ಎಡಗೈ ಎರಡನೇ ಸಲ ಹೋಯ್ತು ಕಣೇ" ಎಂದರು. "ಮೊದಲನೇ ಸಲ ಹೋದಾಗ ಇಷ್ಟು ಕಷ್ಟ ಆಗಿರಲಿಲ್ಲ. ಹೆದರ್ತಾಳಲ್ಲಾ ನನ್ನ ನೋಡಿ. ಅಪ್ಪನ್ನ ನೋಡಿ ಹೆದರೋ ಹಾಗೆ ಆಗೋಯ್ತಲ್ಲಾ."

"ಹೆದರಿಕೆ ಅಲ್ಲ, ಏನೋ ಕೇಳಬೇಕಾಗಿದೆ ಅವಳಿಗೆ. ಬಾಯಿಗೆ ಬರ್ತಿಲ್ಲ."

"ನೀನೇ ಕೇಳಿ ಬಿಡಿಸು."

"ಕೇಳಿದ್ರೆ ಓಡಿಹೋಗೋ ಅಂಥ ಮಾತು ಅದು. ತಾನಾಗೇ ಬರಲಿ."

ಹೇಳುವುದೇನೋ ಹೇಳಿಬಿಟ್ಟೆ. ಆದರೆ ಆ ಮಾತು ಯಾವುದೆಂದು ನನಗೂ ಗೊತ್ತಿರಲಿಲ್ಲ. ದಿನಕ್ಕೆ ಎರಡು ಸಲವಾದರೂ ಅವಳು ನನ್ನ ಸೆರಗು ಹಿಡಿದು ನಿಲ್ಲುವಳು. "ಅಮ್ಮಾ…"

"ಏನೇ?"

"ಏನಿಲ್ಲ."

ಪಾತ್ರೆ ತೊಳೆಯುವಾಗ ಒಂದು ಸಲ, ಬಟ್ಟೆ ಮಡಿಸುವಾಗ ಒಂದು ಸಲ. ಆ 'ಏನಿಲ್ಲ'ಕ್ಕೆ ಕಿವಿಕೊಟ್ಟುಕೊಟ್ಟು ನನಗೆ ಬೇರೆ ಯಾವ ಕೆಲಸದಲ್ಲೂ ಗಮನವಿಲ್ಲದಂತಾಯಿತು. ಒಮ್ಮೆ ಹಾಲು ಉಕ್ಕಿ ಒಲೆಯೆಲ್ಲಾ ಹರಿಯಿತು. ಒಮ್ಮೆ ಅವರ ಅಂಗಿಗೆ ನನ್ನ ರವಿಕೆಯ ಗುಂಡಿ ಹೊಲಿದುಬಿಟ್ಟೆ.

ಮಕ್ಕಳಿಗೆ ಇಂಥ ಹೊತ್ತಿನಲ್ಲಿ ಬರುವ ಪ್ರಶ್ನೆ ಒಂದೇ ಇರಬೇಕೆಂದು ನಾನು ತೀರ್ಮಾನಿಸಿದೆ. ಒಂದು ಬೆಳಿಗ್ಗೆ ತಲೆ ಬಾಚುವಾಗ, ಮುಖ ಕಾಣಬಾರದೆಂದು ಅವಳನ್ನು ಆ ಕಡೆ ತಿರುಗಿಸಿ ಕೂರಿಸಿಕೊಂಡು ಶುರುಮಾಡಿದೆ.

"ಅಪ್ಪನಿಗೆ ಏನೂ ಆಗಲ್ಲ ಬಾಲ. ಫಿಟ್ಸ್ ಬಂದೋರು ಎಷ್ಟೋ ಜನ ಮಾತ್ರೆ ತಗೊಂಡು ಆರಾಮಾಗಿ…"

"ಗೊತ್ತಮ್ಮಾ. ಡಾಕ್ಟರು ಹೇಳಿದ್ರಲ್ಲ, ನಾನೂ ಅಲ್ಲೇ ಇದ್ದೆ" ಎಂದಳು. ಆಮೇಲೆ, "ಜಡೆ ಬಿಗಿಯಾಯ್ತು, ಕಣ್ಣು ಮೇಲಕ್ಕೆ ಹೋಗ್ತಿದೆ" ಎಂದಳು. ಬಿಚ್ಚಿ ಮತ್ತೆ ಹೆಣೆದೆ.

ಸಾವಿನ ಭಯವಲ್ಲ. ಹಾಗಾದರೆ ಇನ್ನೊಂದೇ ಉಳಿಯಿತು. ಎಂಟು ತಿಂಗಳು ಎಬ್ಬಿಸಿದವಳು ಅವಳು. ಆವತ್ತೂ ಚಿವುಟುತ್ತಿರುವಾಗಲೇ ಅದು ಶುರುವಾದದ್ದು. ತಾನು ಎಬ್ಬಿಸಿದ್ದರಿಂದಲೇ ಆಯಿತೆಂದು ಒಳಗೊಳಗೇ ಬೇಯುತ್ತಿದ್ದಾಳೆ! ಇದು ಹೊಳೆದಾಗ ನಾನು ಕಡ್ಡಿಪೊರಕೆ ಹಿಡಿದು ಅಂಗಳದ ಮಧ್ಯೆ ನಿಂತಿದ್ದೆ. ಇಷ್ಟು ದಿನ ಯಾಕೆ ತೋಚಲಿಲ್ಲವೆಂದು ಹಣೆ ಚಚ್ಚಿಕೊಂಡೆ. ನಾನು ಹೇಳಿದರೆ ಅಮ್ಮ ಸಮಾಧಾನಕ್ಕೆ ಹೇಳುತ್ತಾಳೆ ಎಂದುಕೊಳ್ಳುತ್ತಾಳೆ. ಡಾಕ್ಟರ ಬಾಯಲ್ಲೇ ಹೇಳಿಸಬೇಕು.

ಮೂರು ವಾರಕ್ಕೆ ತೋರಿಸಲು ಹೋಗಬೇಕಾಗಿತ್ತು. ಶಾಲೆಗೆ ರಜೆ ಹಾಕಿಸಿ ಅವಳನ್ನೂ ಕರೆದುಕೊಂಡು ಹೋದೆ. ಡಾಕ್ಟರು ಎಲ್ಲಾ ಪರೀಕ್ಷೆ ಮಾಡಿ ಮುಗಿಸಿದ ಮೇಲೆ, ನನ್ನದೇ ಅನುಮಾನ ಎಂಬಂತೆ ಕೇಳಿದೆ. "ದಿನಾ ಕೈ ಎಳೆಯೋದು, ಚಿವುಟೋದು, ಎಬ್ಬಿಸೋದು ಮಾಡ್ತಿದ್ವಿ. ಅದರಿಂದೇನಾದ್ರೂ…"

"ಇಲ್ಲಮ್ಮ" ಎಂದರು ಡಾಕ್ಟರು. ಅವರು ಜಾಣೆ. ಉತ್ತರ ನನಗೆ ಹೇಳದೆ ಬಾಲನ ಮುಖ ನೋಡಿ ಹೇಳಿದರು. "ನೀನು ಆವತ್ತು ಶಾಲೇಲಿ ಇದ್ದಿದ್ರೂ ಅದು ಬರ್ತಿತ್ತು. ಕಲೆ ಇರೋದು ತಲೆ ಒಳಗೆ. ಅದಕ್ಕೆ ನೀನು ಚಿವುಟಿದ್ದು ಗೊತ್ತೇ ಇಲ್ಲ. ಮಾತ್ರೆ ಮರೆತರೆ, ನಿದ್ದೆಗೆಟ್ಟರೆ, ಜ್ವರ ಬಂದರೆ ಜೋರಾಗಬಹುದು. ಕೈ ಎಬ್ಬಿಸೋದ್ರಿಂದ ಒಳ್ಳೇದೇ. ಮುಂದಿನ ವಾರದಿಂದ ವ್ಯಾಯಾಮದವರನ್ನೂ ಮತ್ತೆ ಕರೆಸಿಕೊಳ್ಳಿ. ಇನ್ನೇನಾದ್ರೂ ಕೇಳಬೇಕಾ ಪುಟ್ಟಾ?"

ಬಾಲ ಬಾಯಿ ತೆರೆದಳು. ಅಪ್ಪನ ಕಡೆ ನೋಡಿ, ಮತ್ತೆ ಮುಚ್ಚಿ, ಇಲ್ಲ ಎಂದು ತಲೆಯಾಡಿಸಿದಳು.

ಹೊರಗೆ ಡ್ರೈವರ್ ಅಣ್ಣ ಕಾಯುತ್ತಿದ್ದರು. ಕಾರಿನಲ್ಲಿ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು, "ಏನಮ್ಮ, ಡಾಕ್ಟರಮ್ಮ ನನ್ನ ಚಮಚದ ವಿಷಯ ಕೇಳಿದ್ರಾ?" ಎಂದರು.

"ಇಲ್ಲ ಮಾಮ."

"ಸದ್ಯ. ಮೂವತ್ತು ವರ್ಷ ಒಂದೂ ಆ್ಯಕ್ಸಿಡೆಂಟ್ ಮಾಡಿಲ್ಲ ನಾನು. ಒಂದು ಚಮಚದಲ್ಲಿ ನಿಮ್ಮಪ್ಪನ ಹಲ್ಲು ಮುರಿದು ಹೆಸರು ಕೆಡಿಸ್ಕೋತಿದ್ದೆ."

ಅವಳು ಸ್ವಲ್ಪ ನಕ್ಕಳು. ಮೂರು ವಾರದಲ್ಲಿ ಮೊದಲನೆಯ ಸಲ. "ಮಾಮ, ನಿಮಗೆ ತಪ್ಪು ಮಾಡ್ತಿದೀನಿ ಅಂತ ಆಗ ಗೊತ್ತಿತ್ತಾ?"

"ಎಲ್ಲಿ ಗೊತ್ತಿತ್ತು? ಭಾರಿ ಒಳ್ಳೇದು ಮಾಡ್ತಿದೀನಿ ಅಂದ್ಕೊಂಡಿದ್ದೆ."

ಅವಳು ಕಿಟಕಿಯ ಕಡೆ ತಿರುಗಿದಳು. ಹಿಂದಿನ ಸೀಟಿನಲ್ಲಿ ನನ್ನ ಗಂಡ ನನ್ನ ಮುಖ ನೋಡಿದರು. ನನ್ನ ಹತ್ತಿರ ಸಿದ್ಧವಾಗಿದ್ದ ಎರಡು ಉತ್ತರಗಳೂ ಖರ್ಚಾಗಿದ್ದವು. ಮರುದಿನ ಬೆಳಿಗ್ಗೆಯೂ ಅವಳು ಹೊಸ್ತಿಲ ಈಚೆಯೇ ನಿಂತು, "ಅಪ್ಪಾ, ಹೋಗ್ಬರ್ತೀನಿ" ಎಂದಳು.

ಆ ವಾರ ನಾನು ಒಂದು ಕೆಲಸ ಮಾಡಿದೆ. ಪ್ರಶ್ನೆ ಏನೆಂದು ಹುಡುಕುವುದನ್ನು ಬಿಟ್ಟು, ನನ್ನದನ್ನೇ ಅವಳಿಗೆ ಹೇಳಿದೆ. ಸಂಜೆ ಇಬ್ಬರೂ ಹಿತ್ತಲಲ್ಲಿದ್ದೆವು. ಹೊದಿಕೆಯ ಇನ್ನೊಂದು ತುದಿಯನ್ನು ಅವಳ ಕೈಗೆ ಕೊಟ್ಟಿದ್ದೆ. ಅವಳು ತಿರುಚುವ ಬದಲು ತಾನೇ ತಿರುಗುತ್ತಿದ್ದಳು.

"ಆವತ್ತು ನಾನು ಜೋರಾಗಿ ನಕ್ಕೆ, ನೆನಪಿದೆಯಾ?" ಎಂದೆ.

ತಿರುಗುವುದು ನಿಂತಿತು.

"ಅಪ್ಪನಿಗೆ ಹಾಗಾಗ್ತಿದ್ರೆ ನಾನು ನಗ್ತಾ ನಿಂತಿದ್ದೆ. ರಾತ್ರಿ ಹಗಲು ಅದೇ ಕಣ್ಮುಂದೆ ಬರತ್ತೆ."

"ನೀನೂನಾ?" ಎಂದಳು. ಧ್ವನಿ ಬಹಳ ಸಣ್ಣದಾಗಿತ್ತು. "ನಾನು ಚಪ್ಪಾಳೆ ತಟ್ಟಿದೆ."

"ಗೊತ್ತು. ಅಪ್ಪನೂ ನಕ್ರು. ಯಾರಿಗೂ ಗೊತ್ತಿರಲಿಲ್ಲ ಪುಟ್ಟಾ."

ಅವಳು ಹೊದಿಕೆಯ ತುದಿಯನ್ನು ಎದೆಗೆ ಒತ್ತಿ ಹಿಡಿದಿದ್ದಳು. ಅಂಗಿಯೆಲ್ಲಾ ಒದ್ದೆಯಾಯಿತು. ನಾನು ಬಯ್ಯಲಿಲ್ಲ. ಇನ್ನೂ ಏನೋ ಇತ್ತು. ಅದು ಗಂಟಲವರೆಗೆ ಬಂದು ನಿಂತದ್ದು ನನಗೆ ಕಾಣಿಸುತ್ತಿತ್ತು. ನಾನು ಸುಮ್ಮನೆ ನನ್ನ ತುದಿ ಹಿಡಿದು ನಿಂತೆ. ಬೀದಿಯ ಕಡೆಯಿಂದ ಯಾರೋ ಪುಸ್ತಕ ಕೇಳಿಕೊಂಡು ಬಂದರು, ಅಪ್ಪ ಕೂಗಿದರು, ಅವಳು ತುದಿ ನನ್ನ ಕೈಗೆ ತುರುಕಿ ಓಡಿದಳು.

ಮರುವಾರ ಶನಿವಾರ ಕಸರತ್ತು ಮೇಡಂ ಬಂದರು. ತಿಂಗಳ ಮೇಲೆ ಬರುತ್ತಿದ್ದರಿಂದ ಗಲಗಲ ಮಾತು. "ಏನ್ ಸಾರ್, ಎಲ್ಲರನ್ನೂ ಹೆದರಿಸಿಬಿಟ್ರಂತೆ?" ಎನ್ನುತ್ತಲೇ ನನ್ನ ಗಂಡನನ್ನು ಮೇಜಿನ ಮುಂದೆ ಕೂರಿಸಿ, ಎಡಗೈ ಎತ್ತಿ ಮೇಜಿನ ಮೇಲಿಟ್ಟು, ಅದರ ಮುಂದೆ ಒಂದು ಸಣ್ಣ ಮರದ ತುಂಡು ಇಟ್ಟರು. ಬೆರಳಿನಿಂದ ಅದನ್ನು ತಳ್ಳಬೇಕು. ಮೊದಲೆಲ್ಲಾ ಈ ಹೊತ್ತಿಗೆ ನಮ್ಮ ಮನೆ ಆಟದ ಬಯಲಿನ ಹಾಗಿರುತ್ತಿತ್ತು. ಬಾಲ ಒಂದು ಎರಡು ಮೂರು ಎಂದು ಎಣಿಸುವಳು, ನಾನು ಅಡುಗೆಮನೆಯಿಂದಲೇ "ತಳ್ಳು, ತಳ್ಳು" ಎನ್ನುವೆ, ಡ್ರೈವರ್ ಅಣ್ಣನೂ ಕಿಟಕಿಯಿಂದ ಕೂಗುತ್ತಿದ್ದುದುಂಟು.

"ಹೂಂ, ತಳ್ಳಿ" ಎಂದರು ಮೇಡಂ. "ಮನಸ್ಸೆಲ್ಲಾ ಹೆಬ್ಬೆರಳಿಗೆ ತನ್ನಿ. ಅಲ್ಲಾಡ್ಸಿ."

ನಾನು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನಿಂತಿದ್ದೆ. ನನ್ನ ಕಣ್ಣು ಆ ಹೆಬ್ಬೆರಳ ಮೇಲೆ ಒಂದು ಸಲ, ಗೋಡೆಯ ಗಡಿಯಾರದ ಮೇಲೆ ಒಂದು ಸಲ ಹೋಗುತ್ತಿತ್ತು. ನನ್ನ ಗಂಡನ ಹಣೆಯಲ್ಲಿ ಬೆವರು. ಅವರು ತಳ್ಳುತ್ತಿದ್ದಾರೋ ತಡೆಯುತ್ತಿದ್ದಾರೋ ನನಗೆ ತಿಳಿಯಲಿಲ್ಲ. ಬಾಲ ಹೊಸ್ತಿಲ ಮೇಲಿದ್ದಳು, ಬಾಗಿಲಿನ ಚೌಕಟ್ಟಿಗೆ ಕೆನ್ನೆ ಒತ್ತಿಕೊಂಡು.

ಮೇಡಂ ನಮ್ಮೆಲ್ಲರ ಮುಖ ನೋಡಿದರು. "ಇದೇನಿದು? ಎಲ್ಲರೂ ಬಾಂಬು ನೋಡೋ ಹಾಗೆ ನೋಡ್ತಿದೀರಲ್ಲ! ಈ ಮನೇಲಿ ಯಾರಿಗೂ ಈ ಕೈ ಅಲ್ಲಾಡೋದು ಬೇಕಿಲ್ವಾ?"

ನನಗೆ ಮುಖಕ್ಕೆ ನೀರೆರಚಿದ ಹಾಗಾಯಿತು. ನನ್ನ ಗಂಡ ಕಣ್ಣೆತ್ತಿ ನನ್ನನ್ನು ನೋಡಿದರು. ಅವರ ಕಣ್ಣಲ್ಲೂ ಅದೇ ಇತ್ತು. ತಿಂಗಳಿಂದ ನಾವಿಬ್ಬರೂ ಆ ಕೈ ಅಲುಗದಿರಲಿ ಎಂದು ಬೇಡಿಕೊಳ್ಳುತ್ತಾ ಇದ್ದೆವು. ಒಬ್ಬರಿಗೊಬ್ಬರು ಹೇಳಿರಲಿಲ್ಲ.

"ಬಾ ಇಲ್ಲಿ, ಎಣಿಸೋಳು ನೀನಲ್ವಾ?" ಎಂದು ಮೇಡಂ ಬಾಲನನ್ನು ಕರೆದರು. "ನೀನಿಲ್ದೆ ನಿಮ್ಮಪ್ಪ ಕೆಲಸಾನೇ ಮಾಡ್ತಿಲ್ಲ."

ಅವಳು ಹೊಸ್ತಿಲು ದಾಟಿದಳು. ಒಂದು ಹೆಜ್ಜೆ, ಇನ್ನೊಂದು. ನನ್ನ ಗಂಡ ಬಲಗೈಯಿಂದ ಟವೆಲ್ ಹುಡುಕಿದರು. ಅದು ಕುರ್ಚಿಯ ಬೆನ್ನಿಗಿತ್ತು, ಸಿಗಲಿಲ್ಲ. ಎಡಗೈ ಮೇಜಿನ ಮೇಲೆ ಬರಿದಾಗಿ, ಅಂಗೈ ಮೇಲಾಗಿ ಬಿದ್ದಿತ್ತು. ಬಾಲ ಮೇಜಿನ ಅಂಚಿಗೆ ಬಂದು ನಿಂತಳು. ಕೈಯನ್ನು ನೋಡಿದಳು, ಬಹಳ ಹೊತ್ತು. ಎಣಿಸಲಿಲ್ಲ.

"ಹೇಳು ಮಗಾ" ಎಂದರು ಅವರಪ್ಪ, ಮೆಲ್ಲಗೆ.

ಅವಳು ಎರಡೂ ಕೈಯಲ್ಲಿ ಮೇಜಿನ ಅಂಚು ಹಿಡಿದುಕೊಂಡಳು. ಗಟ್ಟಿಯಾಗಿ ಉಸಿರೆಳೆದುಕೊಂಡಳು. ಕೇಳುವಾಗ ಅವಳು ನನ್ನ ಕಡೆ ನೋಡಲಿಲ್ಲ, ಮೇಡಂ ಕಡೆಯೂ ನೋಡಲಿಲ್ಲ. ಅಪ್ಪನನ್ನೇ ನೋಡಿ ಕೇಳಿದಳು.

"ಅಪ್ಪಾ, ಈಗ ಇದು ಅಲ್ಲಾಡಿದ್ರೆ ನಾನು ಖುಷಿ ಪಡ್ಬೇಕಾ, ಹೆದರ್ಕೋಬೇಕಾ?"